ವಯಸ್ಸಾದ ಅಪ್ಪ ಅವ್ವ ಮನೇಲಿ ಬೀಳದಂಗೆ ಮಾಡೋದು ಹೆಂಗೆ: ಹಾಸಿಗೆಯಿಂದ ಬಚ್ಚಲವರೆಗೆ

"ಅವ್ವ ಒಬ್ರೇ ದಾವಣಗೆರೇಲಿ ಇದಾರೆ, ನಾವು ಬೆಂಗಳೂರಲ್ಲಿ, ಎಲ್ಲಾದ್ರೂ ಬಿದ್ದುಬಿಟ್ರೆ ಏನ್ ಗತಿ" ಅಂತ ಕೇಳೋರು ಬಹಳ ಜನ. ಮೊನ್ನೆ ಚಳ್ಳಕೆರೆ ಕಡೆಯವರೊಬ್ರು, ಅದರ ಹಿಂದಿನ ವಾರ ಹರಿಹರದವರು, ಎಲ್ಲರದ್ದೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಅರ್ಧರ್ಧ ಹೇಳೋದಕ್ಕಿಂತ ಪೂರ್ತಿ ಒಂದೇ ಕಡೆ ಬರೆದುಬಿಡ್ತೀನಿ, ನಿಮ್ಮ ಅಣ್ಣ ತಮ್ಮಂದಿರಿಗೂ ಓದೋಕೆ ಕೊಡಿ.

ನಾನು ಡಾಕ್ಟರ್ ಅಲ್ಲ. ನಮ್ಮ ಅವ್ವ ಮೂರು ವರ್ಷದ ಹಿಂದೆ ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಕಾಲೊರಸಿನ ಮಡಚಿದ ಮೂಲೆಗೆ ಹೆಬ್ಬೆರಳು ಸಿಕ್ಕಿ ಬಿದ್ರು, ಸೊಂಟದ ಮೂಳೆ ಮುರೀತು. ಆ ಕಾಲೊರಸು ಹಾಕಿದ್ದು ನಾನೇ, ಕಾಲು ಒದ್ದೆ ಇದ್ರೆ ಜಾರ್ತಾರೆ ಅಂತ. ಆಮೇಲೆ ಡಾಕ್ಟರು, ಫಿಸಿಯೋಥೆರಪಿಯವರು ಹೇಳಿದ್ದನ್ನೆಲ್ಲ ಕಲಿತು ನಮ್ಮ ಮನೆ, ನಿಟುವಳ್ಳಿಯ ಚಿಕ್ಕಪ್ಪನ ಮನೆ, ಇನ್ನೂ ಎರಡು ಮೂರು ನೆಂಟರ ಮನೆ ಸರಿ ಮಾಡಿಸಿದೀನಿ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯ್ತಾರೆ, ಅದರಲ್ಲಿ 60 ದಾಟಿದವರೇ ಹೆಚ್ಚು. ಆದ್ರೂ ನಾವು "ವಯಸ್ಸಾಯ್ತು, ಬೀಳ್ತಾರೆ" ಅಂತ ಸುಮ್ನಾಗಿಬಿಡ್ತೀವಿ. ವಯಸ್ಸಾಯ್ತು ಅಂತ ಯಾರೂ ಬೀಳಲ್ಲ, ಬೀಳೋಕೆ ಒಂದು ಕಾರಣ ಇದ್ದೇ ಇರುತ್ತೆ, ಆ ಕಾರಣ ಬಹಳ ಸಲ ಹಾಸಿಗೆಗೂ ಬಚ್ಚಲಿಗೂ ನಡುವಿನ ಹತ್ತು ಹದಿನೈದು ಹೆಜ್ಜೇಲೇ ಇರುತ್ತೆ.

ಏನೇನ್ ಬೇಕು: ಎರಡು ದಿನ ರಜೆ, ಒಂದು ಅಳತೆ ಟೇಪು, ಗೋಡೆಗೆ ಡ್ರಿಲ್ ಹೊಡೆಯೋ ಒಬ್ಬ ಪ್ಲಂಬರ್, ಬಾಗಿಲಿಗೆ ಒಬ್ಬ ಬಡಗಿ, ಬಿಪಿ ಮೆಷಿನ್ನು, ಇವಿಷ್ಟೇ. ದುಡ್ಡು ಕೆಲವು ಸಾವಿರದಲ್ಲಿ ಮುಗಿಯುತ್ತೆ. ಆಪರೇಷನ್ ಖರ್ಚು ನೋಡಿದವರಿಗೆ ಇದು ಏನೂ ಅಲ್ಲ ಅಂತ ಗೊತ್ತಾಗುತ್ತೆ.

1. ಮೊದಲ ದಿನ ಏನೂ ಮಾಡ್ಬೇಡಿ, ಬರೀ ನೋಡಿ

ಊರಿಗೆ ಹೋದ ತಕ್ಷಣ ಸಾಮಾನು ಎತ್ತಿಡೋಕೆ ಶುರು ಮಾಡಿದ್ರೆ ಜಗಳ ಗ್ಯಾರಂಟಿ. ಅವರು ಬೆಳಗ್ಗೆ ಏಳೋದರಿಂದ ರಾತ್ರಿ ಮಲಗೋವರೆಗೆ ಎಲ್ಲೆಲ್ಲಿ ಓಡಾಡ್ತಾರೆ, ಎಲ್ಲಿ ನಿಧಾನ ಆಗ್ತಾರೆ, ಎಲ್ಲಿ ಏನನ್ನ ಹಿಡ್ಕೋತಾರೆ ಅಂತ ಸುಮ್ನೆ ಗಮನಿಸಿ.

ಗೋಡೆ ನೋಡಿ. ಬಚ್ಚಲ ಬಾಗಿಲ ಪಕ್ಕ, ಮೆಟ್ಟಿಲ ತಿರುವಲ್ಲಿ, ಫ್ರಿಜ್ ಪಕ್ಕದಲ್ಲಿ ಸುಣ್ಣದ ಮೇಲೆ ಒಂದು ಕಡೆ ಮಾತ್ರ ಕಪ್ಪಗೆ ಎಣ್ಣೆಜಿಡ್ಡಿನ ಕೈಗುರುತು ಇರುತ್ತೆ. ನಾವು ಅದನ್ನ ಕೊಳೆ ಅಂದ್ಕೊಂಡು ಪೇಂಟ್ ಹೊಡೆಸ್ತೀವಿ. ಅದು ಕೊಳೆ ಅಲ್ಲ, ಅಲ್ಲಿ ಅವರಿಗೆ ಆಸರೆ ಬೇಕಾಗೈತೆ, ದಿನಾ ಅದೇ ಜಾಗಕ್ಕೆ ಕೈ ಇಟ್ಟು ಇಟ್ಟು ಗುರುತು ಬಿದ್ದಿದೆ. ರಾಡ್ ಯಾವ ಎತ್ತರಕ್ಕೆ ಹಾಕಿಸ್ಬೇಕು ಅನ್ನೋದನ್ನ ಆ ಗುರುತೇ ಹೇಳುತ್ತೆ. ಪೆನ್ಸಿಲಲ್ಲಿ ಗೀಟು ಹಾಕಿಟ್ಕೊಳ್ಳಿ.

ಒಂದು ಸಣ್ಣ ಪರೀಕ್ಷೆನೂ ಮಾಡಿ. ಕುರ್ಚಿ ಮೇಲೆ ಕೂರಿಸಿ, ಎದ್ದು ಮೂರು ಮೀಟರ್ ಅಂದ್ರೆ ಸುಮಾರು ಹತ್ತಡಿ ಅವರ ಮಾಮೂಲಿ ನಡಿಗೇಲಿ ನಡೆದು, ತಿರುಗಿ ಬಂದು ಕೂರೋಕೆ ಹೇಳಿ, ಮೊಬೈಲಲ್ಲಿ ಟೈಮ್ ನೋಡಿ. ನೀವು ಪಕ್ಕದಲ್ಲೇ ಇರಿ. 12 ಸೆಕೆಂಡಿಗಿಂತ ಜಾಸ್ತಿ ಆದ್ರೆ ಬೀಳೋ ಅಪಾಯ ಐತೆ ಅಂತ ಲೆಕ್ಕ, ಡಾಕ್ಟರ ಹತ್ರ ಹೋದಾಗ ಈ ನಂಬರ್ ಹೇಳಿ. ಹಂಗೇ "ಹೋದ ವರ್ಷದಿಂದ ಎಷ್ಟು ಸಲ ಎಡವಿದ್ರಿ" ಅಂತನೂ ಕೇಳಿ. "ಬಿದ್ರಾ" ಅಂತ ಕೇಳಿದ್ರೆ ಇಲ್ಲ ಅಂತಾರೆ, "ಎಡವಿದ್ರಾ" ಅಂದ್ರೆ ನಿಜ ಹೇಳ್ತಾರೆ.

2. ಹಾಸಿಗೆಯಿಂದ ಬಾಗಿಲವರೆಗೆ

ಮಂಚದ ಅಂಚಲ್ಲಿ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರ್ಬೇಕು, ಮಂಡಿ ಸೊಂಟದ ಮಟ್ಟಕ್ಕಿಂತ ಮೇಲೆ ಇರಬಾರ್ದು. ಹಳೇ ಮಂಚದ ಮೇಲೆ ಹೊಸ ದಪ್ಪ ಹಾಸಿಗೆ ತಂದು ಹಾಕಿ ಕಾಲು ನೇತಾಡೋ ಹಂಗೆ ಮಾಡಿರೋ ಮನೆ ಬಹಳ ನೋಡಿದೀನಿ. ಅದೇ ಥರ ನೆಲದ ಮೇಲೆ ಚಾಪೆ ಹಾಸ್ಕೊಂಡು ಮಲಗೋರಿಗೂ ಕಷ್ಟ, ಎದ್ದೇಳುವಾಗ ಹಿಡ್ಕೊಳ್ಳೋಕೆ ಏನೂ ಇರಲ್ಲ.

ರಾತ್ರಿ ಬೆಳಕು ತುಂಬಾ ಮುಖ್ಯ. ಅವರು ಲೈಟ್ ಹಾಕಲ್ಲ, ಬೇರೆಯವರಿಗೆ ನಿದ್ದೆ ಕೆಡುತ್ತೆ ಅಂತ ಕತ್ತಲಲ್ಲೇ ತಡಕಾಡ್ಕೊಂಡು ಹೋಗ್ತಾರೆ, ಹೇಳಿದ್ರೂ ಕೇಳಲ್ಲ. ಅದಕ್ಕೆ ಯಾರಾದ್ರೂ ಓಡಾಡಿದ್ರೆ ತಾನಾಗೇ ಹೊತ್ತೋ ಸೆನ್ಸರ್ ಲೈಟು ಬರ್ತಾವೆ, ಮಂಚದ ಪಕ್ಕ ಒಂದು, ದಾರೀಲಿ ಒಂದು, ಬಚ್ಚಲ ಬಾಗಿಲಲ್ಲಿ ಒಂದು, ಮಂಡಿ ಎತ್ತರಕ್ಕೆ ಅಂಟಿಸಿ. ಚಾರ್ಜ್ ಆಗೋ ಥರದ್ದೇ ತಗೊಳ್ಳಿ, ಕರೆಂಟ್ ಹೋದ್ರೂ ಹೊತ್ತುತ್ತೆ, ಆದ್ರೆ ಚಾರ್ಜ್ ಹಾಕೋ ಕೆಲಸ ಯಾರದ್ದು ಅಂತ ಮೊದಲೇ ತೀರ್ಮಾನ ಮಾಡಿ.

ದಾರೀಲಿರೋ ಕಾಲೊರಸು, ಹಳೇ ಸೀರೆಯ ಕೌದಿ, ಎಕ್ಸ್‌ಟೆನ್ಷನ್ ವೈರು ಎಲ್ಲಾ ತೆಗೀರಿ. ಕಾಲೊರಸು ಬೇಕೇ ಬೇಕು ಅಂದ್ರೆ ಕೆಳಗೆ ರಬ್ಬರ್ ಇರೋದು, ಅಂಚು ತೆಳ್ಳಗಿರೋದು, ಮಡಚದೇ ಇರೋದು. ಬಟ್ಟೆಯದ್ದು ಬೇಡವೇ ಬೇಡ.

ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ಐತೆ, ನೀರು ಬಿಡೋ ದಿನ. ನಲ್ಲೀಲಿ ನೀರು ಬಂತು ಅಂದ್ರೆ ಪೈಪು ಹಾವಿನ ಥರ ನಡುಮನೇಲೇ ಹರಿದಿರುತ್ತೆ, ಡ್ರಮ್ಮು ಕೊಡಪಾನ ಎಲ್ಲಾ ದಾರೀಲೇ, ನೆಲ ಪೂರ್ತಿ ಒದ್ದೆ, ಮತ್ತೆ ಆ ಹೊತ್ತಲ್ಲಿ ಮನೇಲಿ ಎಲ್ಲರಿಗೂ ಅವಸರ, ವಯಸ್ಸಾದವರೂ "ನಾನೂ ಒಂದು ಕೊಡ ಇಡ್ತೀನಿ" ಅಂತ ಬರ್ತಾರೆ. ಆ ಪೈಪ್‌ನ ಗೋಡೆ ಪಕ್ಕಕ್ಕೆ ಕ್ಲಾಂಪ್ ಹಾಕಿ ಪರ್ಮನೆಂಟ್ ಮಾಡಿಸಿ, ನೀರು ಹಿಡಿಯೋ ಹೊತ್ತಲ್ಲಿ ಅವರನ್ನ ಜಗಲಿ ಮೇಲೆ ಕೂರಿಸಿ ಬೇರೆ ಕೆಲಸ ಕೊಡಿ, ಸೊಪ್ಪು ಬಿಡಿಸೋದೋ ಅವರೆಕಾಯಿ ಸುಲಿಯೋದೋ ಏನಾದ್ರೂ.

ಹೊಸ್ತಿಲು ಕೀಳಿಸಿ ಅಂತ ನಾನು ಹೇಳಲ್ಲ, ಯಾರೂ ಒಪ್ಪಲ್ಲ, ಒಪ್ಪಲೂಬಾರ್ದು. ಎದ್ದು ಕಾಣೋ ಹಂಗೆ ದಟ್ಟ ಹಳದಿ ಬಣ್ಣ ಬಳಿಸಿ, ಅರಿಶಿನ ಹಚ್ಚೋ ಪದ್ಧತಿ ಹೆಂಗೂ ಐತಲ್ಲ. ಪಕ್ಕದ ಚೌಕಟ್ಟಿಗೆ ಒಂದು ಹಿಡಿಕೆ ಹಾಕಿಸಿ. ಹೊಸ್ತಿಲು ತೊಳೆದ ಮೇಲೆ ಒಣ ಬಟ್ಟೇಲಿ ಒರೆಸೋದು ರೂಢಿ ಮಾಡಿ.

3. ಬಚ್ಚಲು

ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ, ತಪ್ಪು ಜಾಸ್ತಿ ಆಗೋದೂ ಇಲ್ಲೇ.

ಗ್ರ್ಯಾಬ್ ರಾಡ್, ಅಂದ್ರೆ ಗೋಡೆಗೆ ಹಾಕೋ ಸ್ಟೀಲ್ ಹಿಡಿಕೆ. ಕನಿಷ್ಠ ಎರಡು ಬೇಕು, ಕಮೋಡ್ ಪಕ್ಕ ಒಂದು, ಸ್ನಾನಕ್ಕೆ ಕೂರೋ ಜಾಗದಲ್ಲಿ ಒಂದು, ಆಗೋದಾದ್ರೆ ಬಾಗಿಲ ಒಳಗೂ ಇನ್ನೊಂದು. ದಪ್ಪ ಒಂದೂಕಾಲರಿಂದ ಒಂದೂವರೆ ಇಂಚು, ಗೋಡೆಗೂ ರಾಡ್‌ಗೂ ನಡುವೆ ಒಂದೂವರೆ ಇಂಚು ಸಂದು. ಸಂದು ಇದಕ್ಕಿಂತ ಜಾಸ್ತಿ ಇದ್ರೆ ಜಾರಿದಾಗ ಮೊಳಕೈ ಸಿಕ್ಕಿಹಾಕ್ಕೊಳ್ಳುತ್ತೆ. ಎತ್ತರ ಸಾಮಾನ್ಯವಾಗಿ ನೆಲದಿಂದ 33ರಿಂದ 36 ಇಂಚು ಅಂತಾರೆ, ಆದ್ರೆ ಅದು ಉದ್ದ ಇರೋರ ಲೆಕ್ಕ. ನಿಮ್ಮ ಅವ್ವ ನಾಲ್ಕೂ ಮುಕ್ಕಾಲು ಅಡಿ ಇದ್ರೆ ಅವರನ್ನೇ ನಿಲ್ಲಿಸಿ, ಮೊಳಕೈ ಸ್ವಲ್ಪ ಮಡಚಿ ಹಿಡಿಯೋ ಮಟ್ಟಕ್ಕೆ ಗುರುತು ಮಾಡಿ.

ಇಲ್ಲಿ ಎಲ್ಲರೂ ಮಾಡೋ ಮೂರು ತಪ್ಪು. ಮೊದಲನೇದು, ಟವೆಲ್ ಹಾಕೋ ರಾಡ್‌ನೇ ಹಿಡಿಕೆ ಅಂದ್ಕೊಳ್ಳೋದು, ಅದು ಒದ್ದೆ ಟವೆಲ್ ತಡೆಯುತ್ತೆ, 60 ಕೆಜಿ ಮನುಷ್ಯ ಜಾರಿ ಹಿಡ್ಕೊಂಡ್ರೆ ಸ್ಕ್ರೂ ಸಮೇತ ಕಿತ್ಕೊಂಡ್ ಬರುತ್ತೆ. ಎರಡನೇದು, ಆನ್‌ಲೈನಲ್ಲಿ ಸಿಗೋ ಗಾಳಿ ಎಳೆದು ಅಂಟೋ ಸಕ್ಷನ್ ಹಿಡಿಕೆ, ಬಿಸಿನೀರಿನ ಹಬೆಗೆ ಅದು ಯಾವಾಗ ಬಿಡುತ್ತೋ ಗೊತ್ತಾಗಲ್ಲ, ದಯವಿಟ್ಟು ತಗೋಬೇಡಿ. ಮೂರನೇದು, ಪ್ಲಂಬರ್ ಬರೀ ಟೈಲ್ಸ್‌ಗೆ ಪ್ಲಾಸ್ಟಿಕ್ ಗುಲ್ಲಿ ಹಾಕಿ ಸ್ಕ್ರೂ ಬಿಗಿದು ಹೋಗೋದು. ಆಂಕರ್ ಬೋಲ್ಟ್ ಅಂತ ಬರುತ್ತೆ, ಗೋಡೆ ಒಳಗೆ ಹೋಗಿ ಅಗಲ ಆಗಿ ಕಚ್ಚಿಕೊಳ್ಳೋದು, ಅದನ್ನೇ ಹಾಕ್ಸಿ, ಟೈಲ್ಸ್ ದಾಟಿ ಇಟ್ಟಿಗೆ ಒಳಗೆ ಎರಡು ಇಂಚಾದ್ರೂ ಹೋಗ್ಬೇಕು. ಗೋಡೆ ಪೊಳ್ಳು ಬ್ಲಾಕ್‌ನದ್ದಾದ್ರೆ ಪ್ಲಂಬರ್‌ಗೆ ಮೊದಲೇ ಹೇಳಿ, ಅದಕ್ಕೆ ಬೇರೆ ಥರದ ಬೋಲ್ಟ್ ಬೇಕು. ಮುಗಿದ ಮೇಲೆ ನೀವೇ ಅದಕ್ಕೆ ಪೂರ್ತಿ ಭಾರ ಬಿಟ್ಟು ಜೋತುಬೀಳಿ. ಅಲುಗಾಡಿದ್ರೆ ದುಡ್ಡು ಕೊಡೋ ಮುಂಚೆ ಮತ್ತೆ ಹಾಕ್ಸಿ.

ನೆಲ. ಹಳೇ ಮನೆಯ ಕಡಪ ಕಲ್ಲು, ಹೊಸ ಮನೆಯ ಪಾಲಿಶ್ ಟೈಲ್ಸ್, ಎರಡೂ ಸೋಪ್ ನೀರಿಗೆ ಜಾರ್ತಾವೆ. ಟೈಲ್ಸ್ ಒಡೆಸೋದು ಬೇಡ, ಒರಟು ಮೈ ಇರೋ ಆಂಟಿಸ್ಕಿಡ್ ಟೇಪ್ ಸಿಗುತ್ತೆ, ನೆಲ ಪೂರ್ತಿ ಒಣಗಿಸಿ ಅಡ್ಡಡ್ಡಕ್ಕೆ ಅಂಟಿಸಿ. ತೂತು ತೂತಿನ ರಬ್ಬರ್ ಮ್ಯಾಟೂ ಆಗುತ್ತೆ ಆದ್ರೆ ವಾರಕ್ಕೊಂದ್ಸಲ ಎತ್ತಿ ಕೆಳಗೆ ಉಜ್ಜಲೇಬೇಕು, ಇಲ್ಲಾಂದ್ರೆ ಪಾಚಿ ಕಟ್ಟಿ ಮ್ಯಾಟೇ ಜಾರುತ್ತೆ. ಎಣ್ಣೆಸ್ನಾನದ ದಿನ ಯಾರಾದ್ರೂ ಜೊತೇಲಿ ಇರಲೇಬೇಕು, ಅವರ ಸ್ನಾನ ಆದ ಮೇಲೂ ನೆಲಕ್ಕೆ ಸೀಗೆಪುಡಿ ಹಾಕಿ ಉಜ್ಜಿ ತೊಳೀರಿ.

ಸ್ನಾನ ಕೂತೇ ಮಾಡ್ಲಿ. ತೆಳ್ಳನೆ ಕಾಲಿನ ಪ್ಲಾಸ್ಟಿಕ್ ಕುರ್ಚಿ ಬೇಡ, ಒದ್ದೆ ನೆಲದಲ್ಲಿ ಕಾಲು ಅಗಲ ಆಗುತ್ತೆ, ರಬ್ಬರ್ ಬೂಟು ಇರೋ ಸ್ನಾನದ ಸ್ಟೂಲ್ ಸರ್ಜಿಕಲ್ ಅಂಗಡೀಲಿ ಸಿಗುತ್ತೆ. ಬಕೆಟ್‌ನ ಒಂದು ಕಲ್ಲಿನ ಮೇಲೆ ಇಟ್ರೆ ಚೊಂಬು ಅದ್ದೋಕೆ ಬಗ್ಗೋದು ತಪ್ಪುತ್ತೆ. ಹಂಡೆ ಒಲೆ ಇನ್ನೂ ಇರೋ ಮನೇಲಿ ಕಾಯ್ಸಿದ ನೀರನ್ನ ಅವರ ಕೈಲಿ ಹೊರಿಸಬೇಡಿ.

ಕಮೋಡ್ ಎತ್ತರ 17ರಿಂದ 19 ಇಂಚು ಇದ್ರೆ ಎದ್ದೇಳೋದು ಸುಲಭ. ಹಳೇ ಕುಕ್ಕರುಗಾಲಲ್ಲಿ ಕೂರೋ ಥರದ ಪಾಯಖಾನೆ ಆಗಿದ್ರೆ ಅದರ ಮೇಲೆ ಇಡೋ ಕಮೋಡ್ ಕುರ್ಚಿ ತನ್ನಿ. ಹಿತ್ತಲಲ್ಲಿ ಪಾಯಖಾನೆ ಇರೋರು ರಾತ್ರಿ ಹೊತ್ತಿಗೆ ಅದೇ ಕುರ್ಚಿನ ಬಕೆಟ್ ಸಮೇತ ಕೋಣೇಲೇ ಇಟ್ರೂ ತಪ್ಪಿಲ್ಲ, ಮರ್ಯಾದೆ ಪ್ರಶ್ನೆ ಅಂತ ಅವರು ಮೊದಲು ಬೇಡ ಅಂತಾರೆ, ಒಂದು ಸ್ಕ್ರೀನ್ ಕಟ್ಟಿಕೊಟ್ರೆ ಒಪ್ತಾರೆ.

ಕೊನೇದು ಬಾಗಿಲು. ಒಳಗಡೆ ಚಿಲಕ ಹಾಕ್ಕೊಂಡು ಬಿದ್ರೆ ಹೊರಗಿನವರು ಏನೂ ಮಾಡೋಕಾಗಲ್ಲ, ಬಾಗಿಲು ಒಳಗೆ ತೆರೆಯೋ ಥರ ಇದ್ರೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡ ಆಗುತ್ತೆ. ಬಾಗಿಲು ಹೊರಗೆ ತೆರೆಯೋ ಹಂಗೆ ಕೀಲು ಬದಲಾಯ್ಸಿ, ಚಿಲಕ ಹೊರಗಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯೋ ಥರದ್ದು ಹಾಕ್ಸಿ. ಬಡಗಿಗೆ ಅರ್ಧ ದಿನದ ಕೆಲಸ.

4. ಮಾತ್ರೆ ಚೀಲ ಪೂರ್ತಿ ಸುರೀರಿ

ಮನೇಲಿರೋ ಎಲ್ಲಾ ಮಾತ್ರೆ, ಎಣ್ಣೆ, ಕಷಾಯ, ಪಕ್ಕದ ಮನೆಯವರು ಕೊಟ್ಟ ನೋವಿನ ಗುಳಿಗೆ ಸಮೇತ ಒಂದು ಚೀಲಕ್ಕೆ ಹಾಕ್ಕೊಂಡು ಡಾಕ್ಟರ ಮುಂದೆ ಸುರೀರಿ. ಬಿಪಿಗೆ ಒಬ್ಬರು, ಮಂಡಿಗೆ ಒಬ್ಬರು, ನಿದ್ದೆಗೆ ಇನ್ನೊಬ್ಬರು ಬರೆದಿರ್ತಾರೆ, ಒಬ್ಬರು ಬರೆದಿದ್ದು ಇನ್ನೊಬ್ಬರಿಗೆ ಗೊತ್ತಿರಲ್ಲ. ನಿದ್ದೆ ಮಾತ್ರೆ, ಬಿಪಿ ಮಾತ್ರೆ, ಪ್ರಾಸ್ಟೇಟ್ ಅಂದ್ರೆ ಗಂಡಸರ ಮೂತ್ರದ ತೊಂದರೆಗೆ ಕೊಡೋ ಮಾತ್ರೆ, ನೀರಿಳಿಸೋ ಮಾತ್ರೆ, ನೆಗಡಿ ಅಲರ್ಜಿ ಮಾತ್ರೆ, ಇವೆಲ್ಲಾ ತಲೆ ತಿರುಗಿಸಬಹುದು ಇಲ್ಲಾ ಮಂಪರು ತರಿಸಬಹುದು. ಎಚ್ಚರಿಕೆ ಏನಂದ್ರೆ ನೀವಾಗೇ ಯಾವುದನ್ನೂ ನಿಲ್ಲಿಸಬೇಡಿ, ಬಿಪಿ ಮಾತ್ರೆ ದಿಢೀರ್ ಬಿಟ್ರೆ ಬೇರೆ ಅನಾಹುತ ಆಗುತ್ತೆ. "ಇದರಲ್ಲಿ ಯಾವುದು ಬೀಳಿಸುತ್ತೆ, ಯಾವುದು ಕಮ್ಮಿ ಮಾಡಬಹುದು" ಅಂತ ಬಾಯಿಬಿಟ್ಟು ಕೇಳಿ.

ಬಿಪಿನ ಕೂತಾಗ ಮಾತ್ರ ನೋಡಿದ್ರೆ ಸಾಲದು. ಐದು ನಿಮಿಷ ಮಲಗಿಸಿ ಒಂದ್ಸಲ, ಎದ್ದು ನಿಂತ ಮೇಲೆ ಮೂರು ನಿಮಿಷದೊಳಗೆ ಇನ್ನೊಂದ್ಸಲ ನೋಡಿ. ಮೇಲಿನ ನಂಬರ್ 20, ಇಲ್ಲಾ ಕೆಳಗಿನದ್ದು 10 ಇಳಿದ್ರೆ ಅದಕ್ಕೆ ಆರ್ಥೋಸ್ಟ್ಯಾಟಿಕ್ ಹೈಪೊಟೆನ್ಷನ್ ಅಂತಾರೆ, ಅಂದ್ರೆ ಎದ್ದ ತಕ್ಷಣ ರಕ್ತ ಕಾಲಿಗಿಳಿದು ತಲೆಗೆ ಕಮ್ಮಿ ಆಗೋದು. "ಎದ್ದೆ, ಕಣ್ಣಿಗೆ ಕತ್ತಲೆ ಬಂತು" ಅಂತಾರಲ್ಲ, ಅದೇ ಇದು. ಇದಿದ್ದೋರು ಹಾಸಿಗೇಲಿ ಎದ್ದು ಒಂದೆರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಹತ್ತು ಸಲ ಆಡಿಸಿ ಆಮೇಲೆ ನಿಲ್ಲಬೇಕು. ಏಪ್ರಿಲ್ ಮೇ ಬಿಸಿಲಲ್ಲಿ ನೀರು ಕಮ್ಮಿ ಕುಡಿದ್ರೆ ಇದು ಇನ್ನೂ ಜಾಸ್ತಿ. ರಾತ್ರಿ ಏಳಬೇಕಾಗುತ್ತೆ ಅಂತ ನೀರೇ ಕುಡಿಯದೇ ಇರ್ತಾರೆ ಕೆಲವರು, ಹಗಲು ಚೆನ್ನಾಗಿ ಕುಡಿಸಿ, ಸಂಜೆ ಮೇಲೆ ಟೀ ಕಾಫಿ ಬಿಡಿಸಿ. ಹೃದಯ ಕಿಡ್ನಿ ತೊಂದರೆ ಇದ್ರೆ ನೀರಿನ ಲೆಕ್ಕ ಡಾಕ್ಟರೇ ಹೇಳ್ಲಿ.

ಶುಗರ್ ಇರೋರಿಗೆ ಬೆವರು, ನಡುಕ, ಗಲಿಬಿಲಿ ಬಂದ್ರೆ ಮೊದಲು ಶುಗರ್ ನೋಡಿ. 70ಕ್ಕಿಂತ ಕೆಳಗಿದ್ರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

5. ಕಣ್ಣು, ಕಾಲು, ಕೋಲು

ಕಣ್ಣಿನ ಪೊರೆ ಬಲಿತ ಮೇಲೆ ಮಾಡಿಸೋಣ ಅನ್ನೋದು ಹಳೇ ಮಾತು, ಈಗ ಅಷ್ಟು ದಿನ ಕಾಯಬೇಕಿಲ್ಲ. ವರ್ಷಕ್ಕೊಮ್ಮೆ ತೋರಿಸಿ.

ಹವಾಯಿ ಚಪ್ಪಲಿ ಸವೆದು ಕನ್ನಡಿ ಥರ ಆಗಿರುತ್ತೆ, ತಿರುಗಿಸಿ ನೋಡಿ. ಹಿಮ್ಮಡಿಗೆ ಪಟ್ಟಿ ಇರೋದು, ತಳ ಒರಟಿರೋದು ಕೊಡಿಸಿ, ಮನೆ ಒಳಗೂ ಹಾಕ್ಕೊಳ್ಳೋಕೆ ಬೇರೆ ಒಂದು ಜೊತೆ. ಪಂಚೆ, ನೈಟಿ ನೆಲಕ್ಕೆ ಎಳೀತಿದ್ರೆ ಎರಡು ಇಂಚು ಮಡಚಿ ಹೊಲಿಸಿ. ಶುಗರ್ ಇರೋರಿಗೆ ಪಾದ ಜೋಮು ಹಿಡಿದು ನೆಲ ಗೊತ್ತಾಗಲ್ಲ, ಅವರ ಪಾದ ದಿನಾ ನೋಡ್ಬೇಕು.

ಕೋಲಿನ ಬಗ್ಗೆ ಎಲ್ಲರಿಗೂ ತಪ್ಪು ತಿಳುವಳಿಕೆ ಐತೆ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತೋ ಕೋಲಿನ ಹಿಡಿ ಅಲ್ಲಿಗೆ ಬರಬೇಕು. ನೋವಿರೋದು ಬಲಗಾಲಾದ್ರೆ ಕೋಲು ಎಡಗೈಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ತುದೀಲಿ ರಬ್ಬರ್ ಸವೆದ್ರೆ ಬದಲಾಯ್ಸಿ. ಕಡಿಮೆ ಆದಾಯದವರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೇಲಿ ಕೋಲು, ವಾಕರ್, ಕನ್ನಡಕ, ಕಿವಿ ಯಂತ್ರ ಪುಕ್ಕಟೆ ಸಿಗುತ್ತೆ, ಕ್ಯಾಂಪ್ ಮಾಡಿ ಕೊಡ್ತಾರೆ, ಜಿಲ್ಲಾ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೇಲಿ ವಿಚಾರಿಸಿ.

6. ಕಾಲಿಗೆ ಬಲ, ಮೂಳೆಗೆ ಬಲ

ಬೀಳ್ತಾರೆ ಅಂತ ಹೆದರಿ ಕೂರಿಸಿಬಿಟ್ರೆ ತೊಡೆ ಸ್ನಾಯು ಕರಗಿ ಇನ್ನೂ ಬೇಗ ಬೀಳ್ತಾರೆ. ದಿನಾ ಎರಡು ಹೊತ್ತು ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಎದ್ದು ಕೂರೋದು, ಮೊದಲು ಐದು ಸಲ, ಆಮೇಲೆ ಹತ್ತು. ಅಡುಗೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತೋದು ಹತ್ತು ಸಲ. ದಾವಣಗೆರೇಲಿ ಕುಂದವಾಡ ಕೆರೆ ಹತ್ರ ಮನೆ ಇರೋರು ಬೆಳಗ್ಗೆ ಅಲ್ಲಿ ಒಂದು ಸುತ್ತು ನಡೆಸಿ, ಎಳೆ ಬಿಸಿಲೂ ಆಗುತ್ತೆ. ಬರೀ ಅನ್ನ ಸಾರು ಸಾಲಲ್ಲ, ರಾಗಿ, ಮೊಸರು, ಕಾಳು ಇರಲಿ, ಮೂಳೆ ಸಾಂದ್ರತೆ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನ ಕೇಳಿ.

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯವರು ಇದನ್ನ ಗಮನ ಇಟ್ಟು ಓದಿ. ನಮ್ಮ ಬೋರ್‌ವೆಲ್ ನೀರಲ್ಲಿ ಬಹಳ ಕಡೆ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5. ಅದಕ್ಕಿಂತ ಜಾಸ್ತಿ ಇರೋ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಹಲ್ಲಷ್ಟೇ ಅಲ್ಲ, ಮೂಳೆಗೂ ಸೇರಿ ಬೆನ್ನು, ಕುತ್ತಿಗೆ, ಮಂಡಿ ಬಿಗಿಯುತ್ತೆ, ಬಗ್ಗೋಕೆ ತಿರುಗೋಕೆ ಆಗಲ್ಲ, ಮೂಳೆ ನೋಡೋಕೆ ಗಟ್ಟಿ ಆದ್ರೆ ಪೆಡಸು. ನೀರು ಕಾಯ್ಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿ ಆಗುತ್ತೆ. ಅಡುಗೆಗೂ ಕುಡಿಯೋಕೂ ಆರ್‌ಒ ನೀರೇ ಬಳಸಿ.

7. ಬಿದ್ದೇಬಿಟ್ರೆ

ತಕ್ಷಣ ಕಂಕುಳಿಗೆ ಕೈ ಹಾಕಿ ಎಳೆದು ಎಬ್ಬಿಸಬೇಡಿ, ಮನೆಮಂದಿಯೆಲ್ಲಾ ಮೊದಲು ಮಾಡೋ ತಪ್ಪು ಅದೇ. ಒಂದು ನಿಮಿಷ ಹಂಗೇ ಬಿಟ್ಟು ಕೇಳಿ, ಎಲ್ಲಿ ನೋವು, ತಲೆ ತಾಗ್ತಾ ಅಂತ. ಒಂದು ಕಾಲು ಗಿಡ್ಡ ಕಂಡು ಪಾದ ಹೊರಕ್ಕೆ ತಿರುಗಿದ್ರೆ ಸೊಂಟದ ಮೂಳೆ ಮುರಿದಿರೋ ಲಕ್ಷಣ, ಅಲುಗಾಡಿಸದೇ 108 ಕರೀರಿ. ರಕ್ತ ತೆಳ್ಳಗಾಗೋ ಮಾತ್ರೆ ತಗೊಳ್ಳೋರಿಗೆ ತಲೆಗೆ ಪೆಟ್ಟು ಬಿದ್ರೆ, ಮೇಲೆ ಗಾಯ ಇಲ್ಲದಿದ್ರೂ, ಚೆನ್ನಾಗೇ ಮಾತಾಡ್ತಿದ್ರೂ, ಅವತ್ತೇ ಆಸ್ಪತ್ರೆಗೆ ಹೋಗಿ.

ಸೊಂಟ ಮುರಿದದ್ದಕ್ಕೆ ನಾಟಿ ಕಟ್ಟು ಹಾಕಿಸಿ ಮನೇಲಿ ಮಲಗಿಸೋದು ನಮ್ಮ ಕಡೆ ಇನ್ನೂ ಐತೆ. ದಯವಿಟ್ಟು ಮಾಡಬೇಡಿ. ಮಲಗಿದ್ದಲ್ಲೇ ಬೆನ್ನಿಗೆ ಹುಣ್ಣಾಗುತ್ತೆ, ಎದೇಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತೆ, ಜೀವ ಹೋಗೋದು ಅದರಿಂದ. ಆದಷ್ಟು 48 ಗಂಟೆಯೊಳಗೆ ಆಪರೇಷನ್ ಆದ್ರೆ ಬೇಗ ಎದ್ದು ಕೂರ್ತಾರೆ. "ಈ ವಯಸ್ಸಲ್ಲಿ ಆಪರೇಷನ್ ಯಾಕೆ" ಅನ್ನೋ ನೆಂಟರು ಬಂದೇ ಬರ್ತಾರೆ. ನೀವು ಡಾಕ್ಟರ ಮಾತು ಕೇಳಿ.

ಪೆಟ್ಟಾಗಿಲ್ಲ ಅಂದ್ರೆ ಅವರಾಗೇ ಏಳೋದನ್ನ ಮೊದಲೇ ಹೇಳಿಕೊಟ್ಟಿರಿ: ಮಗ್ಗುಲಿಗೆ ಹೊರಳೋದು, ಮಂಡಿ ಕೈ ಊರೋದು, ಅಂಬೆಗಾಲಲ್ಲಿ ಕುರ್ಚಿವರೆಗೆ ಹೋಗೋದು, ಕುರ್ಚಿ ಮೇಲೆ ಎರಡೂ ಕೈ ಇಟ್ಟು ಗಟ್ಟಿ ಕಾಲು ಮುಂದೆ ಊರಿ ಏಳೋದು. ಹಾಸಿಗೆ ಮೇಲೆ ಒಂದೆರಡು ಸಲ ಪ್ರಾಕ್ಟೀಸ್ ಮಾಡ್ಸಿ.

ಒಬ್ಬರೇ ಇರೋರ ಹತ್ರ ಫೋನ್ ಮೈಮೇಲೇ ಇರಬೇಕು, ಟೇಬಲ್ ಮೇಲೆ ಅಲ್ಲ. ನಮ್ಮ ಅವ್ವನಿಗೆ ಕೊರಳಿಗೆ ಹಾಕೋ ಪೌಚ್ ಕೊಡಿಸಿದ್ರೆ ಹಾಕ್ಕೊಳ್ಳಲಿಲ್ಲ, ಈಗ ಸಣ್ಣ ಕೀಪ್ಯಾಡ್ ಫೋನ್ ಎಲೆ ಅಡಿಕೆ ಸಂಚೀಲಿ ಇರುತ್ತೆ, ಸಂಚಿ ಬಿಟ್ಟು ಅವರು ಎಲ್ಲೂ ಹೋಗಲ್ಲ. 2 ಒತ್ತಿ ಹಿಡಿದ್ರೆ ನನಗೆ, 3 ಒತ್ತಿದ್ರೆ ಪಕ್ಕದ ಮನೆಗೆ. ಒಂದು ಬೀಗದ ಕೈ ಪಕ್ಕದ ಮನೇಲಿ. ಬೆಳಗ್ಗೆ ಏಳು ಗಂಟೆಗೆ ಒಂದು ಫೋನು, ಎತ್ತಲಿಲ್ಲ ಅಂದ್ರೆ ಹತ್ತು ನಿಮಿಷಕ್ಕೆ ಮತ್ತೊಂದು, ಆಗಲೂ ಎತ್ತಲಿಲ್ಲ ಅಂದ್ರೆ ಪಕ್ಕದ ಮನೆಯವರು ಹೋಗಿ ಬಾಗಿಲು ತೆಗೀತಾರೆ, ಇದನ್ನ ಅವರ ಹತ್ರ ಮೊದಲೇ ಮಾತಾಡಿ ಒಪ್ಪಿಸಿ. ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ 108, 112, ಹಿರಿಯ ನಾಗರಿಕರ ಸಹಾಯವಾಣಿ 14567, ಇವನ್ನ ಬರೆದು ಅಂಟಿಸಿ. ಕಾಗದ ಅವರು ನಿಂತಾಗ ಕಾಣೋ ಎತ್ತರಕ್ಕೆ ಬೇಡ, ನೆಲದ ಮೇಲೆ ಬಿದ್ದು ಮಲಗಿದ್ರೂ ಓದೋಕಾಗೋ ಹಂಗೆ ನೆಲದಿಂದ ಒಂದಡಿ ಎತ್ತರಕ್ಕೆ.